ಮೂಲಿ ಕೂಡದ ಕೌದಿ

ಗದಗ
೮ ಜನೆವರಿ ೧೯೭೯

ಅಕ್ಕಾ,

ಇಲ್ಲೆ ಎಲ್ಲಾರೂ ಆರಾಮ ಅದೀವಿ. ನೀವು ಹೆಂಗದೀರಿ ಅಂತ ಕೇಳೂದಿಲ್ಲ, ಕೇಳಿದ್ರ ನೀ ಉತ್ತರಾ ಬರಿಯಾಕಿ ಅಲ್ಲ. ದೀಪಾವಳಿಗೆ ಒಂದು ಪತ್ರ ಹಾಕಿದೆ, ಕಾರ್ತೀಕದಾಗ ಇನ್ನೊಂದು ಹಾಕಿದೆ. ಎರಡೂ ನಿಮ್ಮ ಮದ್ರಾಸಿನ ಸಮುದ್ರಕ್ಕ ಬಿದ್ದುವೇನು?

ಈ ಸಲ ಸುತ್ತಿ ಬಳಸಿ ಬರಿಯೂದಿಲ್ಲ. ಅವ್ವನ ಸೀರಿ ಎಲ್ಲಿ ಅದಾವು?

ಅವ್ವ ಹೋಗಿ ಆರು ತಿಂಗಳಾತು. ಮಣ್ಣಿಗೆ ನೀ ಬರಲಿಲ್ಲ. ಮೂರನೇ ದಿನಕ್ಕ ಬಂದಿ, ಅತ್ತಿ, ಆಕಿ ಟ್ರಂಕು ತಗದಿ, ಒಂಬತ್ತು ಸೀರಿ ಗಂಟು ಕಟ್ಟಿಕೊಂಡಿ. "ಅವ್ವಗ ನಾ ಏನೂ ಮಾಡಲಿಲ್ಲ ಗುಣಾ, ಕೌದಿಯಾದ್ರೂ ನಾ ಹೊಲೀತೀನಿ" ಅಂದಿ. ಎರಡು ವರ್ಷ ಅವ್ವನ ಹಾಸಿಗಿ ಮಾಡಿದಾಕಿ ನಾನು. ಆ ಒಂಬತ್ತೂ ಸೀರಿ ಕೆರಿಗೆ ಒಯ್ದು ಒಗದಾಕಿ ನಾನು. ಆದ್ರೂ ನಿನ್ನ ಮಾರಿ ನೋಡಿ ಇಲ್ಲ ಅನ್ನಾಕ ಆಗಲಿಲ್ಲ. ಅದು ನಂದ ತಪ್ಪು.

ಈಗ ಯಾಕ ಕೇಳಾಕತ್ತೀನಿ ಅಂದ್ರ ನಮ್ಮ ನೀಲಾ ಬಸರಾಗ್ಯಾಳ, ಐದು ತಿಂಗಳು. ನನ್ನ ಮಗಳಿಗೆ ಲಗ್ನಾಗಿ ನಾಕು ವರ್ಷದ ಮ್ಯಾಲೆ. ಹುಟ್ಟಿದ ಕೂಸಿಗೆ ಹೊಸಾ ಅರಿವಿ ಹಾಕೂದಿಲ್ಲ, ಅಜ್ಜಿ ಸೀರಿ ಕೌದಿ ಹಾಸಿ ತೊಟ್ಟಲಿಗೆ ಹಾಕೂದು ನಮ್ಮ ಮನಿ ಪದ್ಧತಿ. ನಿನ್ನನ್ನ, ನನ್ನನ್ನ ಹಂಗ ಹಾಕ್ಯಾರ. ನೀಲಾನ್ನ ಅವ್ವನs ಕೈಯಾರೆ ಹಾಕ್ಯಾಳ. ಕೌದಿ ಏನು ದೊಡ್ಡ ವಿದ್ಯಾ ಅಲ್ಲ. ಅರಿವಿ ಹಾಸು, ತುಂಡು ಹಚ್ಚು, ದಾರಾ ಓಡಿಸು. ಹದಿನೈದು ದಿನದ ಕೆಲಸ. ನಿನ್ನ ಕಡಿಂದ ಆಗೂದಿಲ್ಲ ಅಂದ್ರ ಗಂಟು ಹಂಗ ಪಾರ್ಸಲ್ ಮಾಡು, ನಾ ಹೊಲೀತೀನಿ.

ಉತ್ತರಾ ಬರಿ. ಭಾವಗ ನಮಸ್ಕಾರ ಹೇಳು.

ನಿನ್ನ ತಂಗಿ
ಗುಣವತಿ


ಪೆರಂಬೂರು, ಮದ್ರಾಸು
೨೩ ಜನೆವರಿ ೧೯೭೯

ಗುಣಾ,

ನಿನ್ನ ಪತ್ರ ನಿಮ್ಮ ಭಾವ ಓದಿ, "ಈಕಿ ಪೆನ್ನಿನಾಗ ಶಾಯಿ ತುಂಬತಾಳೋ ಖಾರದಪುಡಿ ತುಂಬತಾಳೋ" ಅಂದ್ರು. ನಗಬ್ಯಾಡ್ರಿ ಅಂದೆ. ಕೋಚ್ ಫ್ಯಾಕ್ಟರಿಯಾಗ ದಿನಾ ಬೈಸಿಕೊಳ್ಳೂ ಮನುಷ್ಯಾಗ ಮನಿಯಾಗ ಮತ್ತೊಬ್ಬರು ಬೈಸಿಕೊಂಡ್ರ ಭಾಳ ಖುಷಿ.

ನೀಲಾನ ಸುದ್ದಿ ಓದಿ ನನಗ ಎಷ್ಟು ಸಂತೋಷ ಆತು ಅಂತ ನೀ ಕೇಳೂದ ಇಲ್ಲ, ಬರೇ ಸೀರಿ ಕೇಳತಿ. ಸೀರಿ ಎಲ್ಲೂ ಹೋಗಿಲ್ಲ. ಹಿಂದಿನ ಪತ್ರಕ್ಕ ಉತ್ತರಾ ಯಾಕ ಬರಿಯಲಿಲ್ಲ ಅಂದ್ರ ಬರೇ ಹೇಳೂದಕ್ಕಿಂತ ಮಾಡೇ ತೋರಸೋಣ ಅಂತ ಇತ್ತು.

ಕೇಳು. ನಿಮ್ಮ ಭಾವನ ಜೋಡಿ ಕೆಲಸ ಮಾಡೂ ಭೋಜರಾಜ ಅನ್ನೋವರು ಅಂಬತ್ತೂರಿನಾಗ ಮನಿ ಕಟ್ಟಿಸ್ಯಾರ. ಪ್ರವೇಶಕ್ಕ ಹೋಗಿದ್ವಿ. ಒಳಗ ಕಾಲಿಟ್ಟು ನಾ ನಿಂತs ಬಿಟ್ಟೆ. ನೆಲಾ ಗುಣಾ, ನೆಲಾ. ನಮ್ಮ ಕಡೆ ಫರಶಿ ಅಂತೀವಲ್ಲ, ಹಂಗ ಚೌಕ ಚೌಕ, ಆದ್ರ ಬಣ್ಣದ್ದು. ಇಲ್ಲೆ ಟೈಲ್ಸ್ ಅಂತಾರ. ಒಂದು ಟೈಲ್ಸಿನಾಗ ಬರೇ ಕಾಲು ಹೂವು. ನಾಕು ಕೂಡಿಸಿ ಇಟ್ರ ಇಡೀ ಹೂವು. ಬಣ್ಣಾ ಎಂಥಾವು ಅಂತಿ? ಅವ್ವನ ಇಳಕಲ್ಲಿನ ಕೆಂಪು, ಆಕಿ ದಿನಾ ಉಡೂ ಪತ್ತಲದ ಹಸರು, ಆ ಅರಿಷಿಣ ಬಣ್ಣದ್ದು ಇತ್ತಲ್ಲ, ಅದು. ಅವ್ವನ ಟ್ರಂಕು ತಗದು ನೆಲಕ್ಕ ಹಾಸಿದಂಗ ಇತ್ತು. ನನಗ ಕಣ್ಣಾಗ ನೀರ ಬಂದು, ಭೋಜರಾಜರ ಹೆಂಡತಿ ಗಾಬರಿ ಆದ್ರು.

ಆವತ್ತ ನಿಶ್ಚಯ ಮಾಡಿದೆ, ಅವ್ವನ ಕೌದಿ ಹಿಂಗ ಆಗಬೇಕು. ರಟ್ಟಿನಾಗ ಅಳತಿ ತಗದೀನಿ. ಒಂದೊಂದು ಚೌಕ, ಒಳಗ ಪಕಳಿ, ನಾಕು ಕೂಡಿದ್ರ ಹೂವು. ಗದಗಿನಾಗ ಯಾರೂ ನೋಡಿರಬಾರದು ಅಂಥಾದ್ದು. ಕತ್ತರಿಸಾಕ ಸುರು ಮಾಡೀನಿ.

ಸ್ವಲ್ಪ ತಾಳು. ಚುಮ್ಮಾ ಅವಸರಾ ಮಾಡಬ್ಯಾಡ.

ಕಲಾವತಿ


ಗದಗ
೩ ಫೆಬ್ರುವರಿ ೧೯೭೯

ಅಕ್ಕಾ,

ಚುಮ್ಮಾ ಅಂದ್ರ ಏನು? ನಿನ್ನ ಪತ್ರಾ ಓದಾಕ ಇನ್ನ ಮ್ಯಾಲೆ ಓಣ್ಯಾಗ ಒಬ್ಬ ತಮಿಳರನ್ನ ಹುಡುಕಬೇಕು.

ಅದಿರಲಿ. ಕತ್ತರಿಸಾಕ ಸುರು ಮಾಡೀನಿ ಅಂತ ಬರದಿ. ಕತ್ತರಿ ಹಚ್ಚಿದ್ಯಾ? ಅವ್ವನ ಸೀರಿಗೆ? ಮೂರು ಸಲ ಓದಿದೆ, ನನ್ನ ಕಣ್ಣ ತಪ್ಪಿರಬೇಕು ಅಂತ ನೀಲಾನ ಕೈಲೆ ಓದಿಸಿದೆ. ಆಕಿ ನಕ್ಕೋತ ಕುಂತಳು.

ಕೌದಿಗೆ ಅರಿವಿ ಹರೀತಾರ ಅಕ್ಕಾ. ಅಂಚಿಗೆ ಹಲ್ಲು ಹಚ್ಚಿ, ಎಳಿ ಹಿಡದು ಹರದ್ರ ತಾನs ನೆಟ್ಟಗ ಬರತೈತಿ. ಕತ್ರಿ ಹಿಡದ್ರ ಹಳೇ ಅರಿವಿ ಜಗ್ಗತೈತಿ, ಸೊಟ್ಟ ಹೋಗತೈತಿ. ಅವ್ವ ನಮಗ ಹೇಳಿಕೊಟ್ಟಾಗ ನೀ ಎಲ್ಲಿದ್ದಿ? ನಿನ್ನ ಲಕ್ಷ್ಯ ಎಲ್ಲಿತ್ತು ಅಂತ ನನಗ ಗೊತ್ತು, ಓಣಿ ಬಾಗಲಕ್ಕ ಇತ್ತು. ಹದಿನೆಂಟು ವರ್ಷ ಕೌದಿ ಮುಟ್ಟದಾಕಿ ಒಮ್ಮೆಲೆ ಮದ್ರಾಸಿನ ಫರಶಿ ನೋಡಿ ಕತ್ರಿ ಹಿಡದಿ.

ನೆಲಾ ತುಳಿಯೂದಕ್ಕ ಇರತೈತಿ, ಕೌದಿ ಹೊಚ್ಚಿಕೊಳ್ಳಾಕ ಇರತೈತಿ. ತುಳಿಯೂದನ್ನ ನೋಡಿ ಹೊಚ್ಚಿಕೊಳ್ಳೂದನ್ನ ಮಾಡೂ ಬುದ್ಧಿ ನಿನಗ ಒಬ್ಬಾಕಿಗೇ ಬರೂದು.

ಎಷ್ಟು ಸೀರಿ ಕತ್ತರಿಸಿದಿ? ಖರೇ ಬರಿ.

ಗುಣವತಿ


ಪೆರಂಬೂರು, ಮದ್ರಾಸು
೨೫ ಫೆಬ್ರುವರಿ ೧೯೭೯

ಗುಣಾ,

ಎರಡs ಎರಡು ಕತ್ತರಿಸೀನಿ. ಉಳಿದವು ಹಂಗ ಅದಾವು. ಇಷ್ಟಕ್ಕ ನೀ ಆಕಾಶ ಭೂಮಿ ಒಂದು ಮಾಡಬ್ಯಾಡ.

ತೊಂದರಿ ಏನಂದ್ರ ಮೂಲಿ ಕೂಡಾಕತ್ತಿಲ್ಲ. ನಾಕು ಚೌಕ ಜೋಡಿಸಿದ್ರ ನಡುವ ಹೂವು ಕೂಡಬೇಕಲ್ಲ, ಮೂರು ಕೂಡತಾವು, ನಾಕನೇದ್ದು ಒಂದು ಬೆರಳು ಆ ಕಡೆ ಹೋಗಿ ಕುಂಡರತೈತಿ. ಬಿಚ್ಚಿ ಹೊಲದೆ. ಮತ್ತ ಬಿಚ್ಚಿ ಹೊಲದೆ. ಹಳೇ ಅರಿವಿಗೆ ಸೂಜಿ ತೂತು ದೊಡ್ಡ ಆಗಾಕತ್ತಾವು. ನಿಮ್ಮ ಭಾವ ರೇಲ್ವೆ ಡಬ್ಬಿ ಮಾಡೂ ಸ್ಟೀಲ್ ಸ್ಕೇಲ್ ತಂದು ಕೊಟ್ಟು ತಮಾಷೆ ಮಾಡಿದ್ರು. ಮಗಳು ಜಯಾನ್ನ "ಬಾರವಾ, ಒಂದು ತುದಿ ಹಿಡಿ" ಅಂತ ಕರದ್ರ "ಪಡಿಪ್ಪು ಇರುಕ್ಕುಮ್ಮಾ" ಅಂತಾಳ. ಓದೂದೈತಿ ಅಂತ. ಕನ್ನಡದಾಗ ಕರೀತೀನಿ, ತಮಿಳಿನಾಗ ತಪ್ಪಿಸಿಕೊಳ್ಳತಾಳ.

ಕಡೀಕ ಆ ಟೈಲ್ಸ್ ಮಾಡೂ ಮುದುಕನ್ನ ಹುಡುಕಿಕೊಂಡು ಅಂಬತ್ತೂರಿಗೆ ಹೋದೆ, ಎರಡು ಬಸ್ ಬದಲಿ ಮಾಡಿ. ಚೊಕ್ಕಲಿಂಗಂ ಅಂತ. ಕಾರೈಕುಡಿ ಕಡಿಯಾಂವ. ನೆಲದ ಮ್ಯಾಲೆ ಗಾಜು ಇಡತಾನ, ಅದರ ಮ್ಯಾಲೆ ತಗಡಿನ ಹೂವಿನ ಅಚ್ಚು, ಅಚ್ಚಿನ ಒಂದೊಂದು ಮನಿಗೆ ಬ್ಯಾರೆ ಬ್ಯಾರೆ ಬಣ್ಣದ ಸಿಮೆಂಟು ಸುರವತಾನ. ಅಚ್ಚು ಮ್ಯಾಲೆ ಎತ್ತತಾನ. ಹಿಂದ ಉಸುಕು, ಸಿಮೆಂಟು ಒತ್ತತಾನ. ಬೆಂಕಿ ಇಲ್ಲ, ಮಿಶಿನ್ ಇಲ್ಲ. ನಿಮ್ಮ ಗೆರಿ ಹೆಂಗ ಕೂಡತಾವು ಅಂತ ಕೇಳಿದೆ. "ಎಲ್ಲಿ ಕೂಡತಾವಮ್ಮಾ" ಅಂದ. ಎರಡು ಟೈಲ್ಸ್ ಪಕ್ಕದಾಗ ಇಟ್ಟು ತೋರಿಸಿದ. ಒಂದರಾಗ ಕೆಂಪು ಹಳದಿಗೆ ಇಳದಿತ್ತು, ಇನ್ನೊಂದರಾಗ ಪಕಳಿ ಚೂರು ದಪ್ಪ. "ಕೈ ವೇಲೈ, ಅಪ್ಪಡಿತ್ತಾನ್ ಇರುಕ್ಕುಂ" ಅಂದ. ಕೈಕೆಲಸ, ಹಿಂಗ ಇರೂದು ಅಂತ.

ನನಗ ಸಿಟ್ಟ ಬಂತು. ಹಿಂಗ ಇರೂದು ಅಂತ ಕೇಳಾಕ ಎರಡು ಬಸ್ ಹತ್ತಿ ಬರಬೇಕಿತ್ತೇನು? ಅಂವ ಸಿಮೆಂಟಿನಾಂವ, ಅಂವಗ ನಡೀತೈತಿ. ಅವ್ವನ ಕೌದಿ ಸೊಟ್ಟ ಆಗಬಾರದು. ಎಲ್ಲಾ ಬಿಚ್ಚಿ ಮತ್ತ ಸುರು ಮಾಡೀನಿ.

ಕಲಾವತಿ


ಗದಗ
೧೫ ಮಾರ್ಚ್ ೧೯೭೯

ಅಕ್ಕಾ,

ಮೊನ್ನೆ ನೀಲಾಗ ಕುಬಸಾ ಮಾಡಿದ್ವಿ. ಏಳರಾಗ ಬಿದ್ದಾಳ. ಬೀಗರ ಮನಿಯಿಂದ ಕರಕೊಂಡು ಬಂದೀವಿ, ಇನ್ನ ಬಾಣಂತನ ಮುಗಿಸಿ ಕಳಸೂದು. ಎಲ್ಲಾರೂ ಬಂದಿದ್ರು, ನಿನ್ನ ಕೇಳಿದ್ರು. ಅಕ್ಕ ಮದ್ರಾಸಿನಾಗ ಫರಶಿ ಕುಂಡರಸಾಕತ್ಯಾಳ ಅಂತ ಹೇಳಿದೆ.

ಬಿಚ್ಚಿದೆ ಹೊಲದೆ, ಹೊಲದೆ ಬಿಚ್ಚಿದೆ. ಇದನ್ನ ಓದಿ ಓದಿ ನನಗs ಬೆರಳ ನೋಯಾಕತ್ತಾವು. ಕೂಸಿಗೆ ಮೂಲಿ ಕೂಡ್ಯಾವೋ ಇಲ್ಲೋ ಏನ ತಿಳೀತೈತಿ? ಉಚ್ಚಿ ಹೊಯ್ಯೂದಕ್ಕ ಹೂವಿನ ಲೆಕ್ಕ ಯಾಕ? ಮೆತ್ತಗ ಇರಬೇಕು, ಅಜ್ಜಿ ವಾಸನಿ ಇರಬೇಕು, ಮುಗೀತು. ಆ ಮುದುಕ ಸಿಮೆಂಟಿನಾಂವ ಆಗಿದ್ರೂ ನಿನ್ನಕ್ಕಿಂತ ಶಾಣ್ಯಾ ಅದಾನ.

ನೀಲಾ ದಿನಾ ಕೇಳತಾಳ, ದೊಡ್ಡವ್ವನ ಕೌದಿ ಬಂತೇನು ಅಂತ. ಆಕಿಗೆ ನಿನ್ನ ಹೂವಿನ ಸುದ್ದಿ ಹಿಡಿಸೇತಿ. ಪತ್ರದ ಹಿಂದ ನೀ ಬರದಿದ್ದ ಆ ಚೌಕ ನೋಡಿ ನೆಲದ ಮ್ಯಾಲೆ ಸುಣ್ಣದ ಕಡ್ಡೀಲೆ ಬರದು, "ಅವ್ವಾ ತುಳೀಬ್ಯಾಡ" ಅಂತಾಳ. ಒಬ್ಬಾಕಿ ಹುಚ್ಚಿ ಅಂದ್ರ ಇಬ್ಬರಾದ್ರಿ.

ಹೆಂಗದ ಹಂಗ ಕಳಸು. ಏಪ್ರಿಲ್ ಮುಗಿಯೂದರಾಗ ಬರಲಿಲ್ಲ ಅಂದ್ರ ನಾನs ಗಾಡಿ ಹತ್ತಿ ಬಂದು ಗಂಟು ಕಿತಗೊಂಡು ಹೋಗತೀನಿ. ಚಾ ಸೈತ ಕುಡಿಯೂದಿಲ್ಲ ನಿನ್ನ ಮನ್ಯಾಗ.

ಗುಣವತಿ


ಪೆರಂಬೂರು, ಮದ್ರಾಸು
೫ ಏಪ್ರಿಲ್ ೧೯೭೯

ಗುಣಾ,

ಬಾ, ಚಾ ಕುಡೀಬ್ಯಾಡ, ಕಾಫಿ ಕುಡಿ. ಇಲ್ಲೆ ಚಾ ಯಾರೂ ಕೇಳೂದಿಲ್ಲ.

ಕುಬಸಕ್ಕ ಬರಾಕ ಆಗಲಿಲ್ಲ, ಜಯಾನ ಪರೀಕ್ಷಾ ಇತ್ತು. ಫರಶಿ ಅಂತ ಎಲ್ಲಾರ ಮುಂದ ಹಾಸ್ಯಾ ಮಾಡಿದಿ, ಇರಲಿ. ಮೂರನೇ ಪಾಲು ಆಗೇತಿ. ನೀಲಾಗ ಹೇಳು, ಆಕಿಗೆ ಹಿಡಿಸಿದ್ದಕ್ಕ ನನಗ ಧೈರ್ಯ ಬಂತು ಅಂತ. ಈ ಮನ್ಯಾಗ ಒಬ್ಬರೂ ಒಂದು ಮಾತು ಛಲೋ ಅಂದವರಿಲ್ಲ. ನಿಮ್ಮ ಭಾವ ಪೇಪರ್ ಓದಿಕೋತ ಅದರ ಮ್ಯಾಲs ನಡಕೊಂಡು ಹೋಗತಾರ, ಏನ್ರಿ ಅಂದ್ರ "ನೆಲಾ ಅಂದುಕೊಂಡೆ" ಅಂತಾರ.

ಚೊಕ್ಕಲಿಂಗಂ ಕಡೆ ಮತ್ತ ಹೋಗಿದ್ದೆ. ಜಗಳಾಡಾಕs ಹೋಗಿದ್ದೆ ಅನ್ನು. "ನೀವs ಎತ್ತಿ ನೋಡ್ರಿ" ಅಂತ ಅಚ್ಚು ನನ್ನ ಕೈಯಾಗ ಕೊಟ್ಟ. ಉಸಿರು ಹಿಡಕೊಂಡು ಎತ್ತಿದೆ ಗುಣಾ. ಕೈ ಅಳ್ಳಾಡಿತು. ಹಸರು ಹೋಗಿ ಕೆಂಪಿನಾಗ ಕುಂತಿತು. ಒಗದು ಬಿಡ್ರಿ ಅಂದೆ. ಅಂವ ಒಗೀಲಿಲ್ಲ. ಉಸುಕು ಒತ್ತಿ, ಉಳಿದ ಟೈಲ್ಸ್ ಜೋಡಿ ನೀರಿಗೆ ಇಟ್ಟ. ಯಾರದಾದ್ರೂ ಮನ್ಯಾಗ ಇದಕ್ಕೂ ಜಾಗಾ ಇರತೈತಿ ಅಂದ. ಬಸ್ಸಿನಾಗ ಬರೂತನಕ ಅದs ತಲಿಯಾಗ ಇತ್ತು. ಯಾರ ಮನ್ಯಾಗೋ ನನ್ನ ತಪ್ಪಿನ ಮ್ಯಾಲೆ ಊಟದ ತಾಟು ಇಡತಾರಲ್ಲ.

ಏಪ್ರಿಲ್ ಕಡೀಕ ಖಂಡಿತ ಕಳಸತೀನಿ. ಬೈಬ್ಯಾಡ.

ಕಲಾವತಿ


ಗದಗ
೨೮ ಏಪ್ರಿಲ್ ೧೯೭೯

ಅಕ್ಕಾ,

ನಿನ್ನ ಪತ್ರಾ ಮುಟ್ಟಿತು. ಕೌದಿ ಅವಸರಾ ಇಲ್ಲ. ನಿನಗ ಹೆಂಗ ಬೇಕೋ ಹಂಗ ನಿಧಾನಕ್ಕ ಹೊಲಿ. ಇಲ್ಲೆ ಬಿಸಲು ಭಾಳ ಐತಿ. ನೀಲಾ ಮಲಗ್ಯಾಳ. ಭಾವಗ, ಜಯಾಗ ಕೇಳಿದೆ ಅಂತ ಹೇಳು.

ಗುಣವತಿ


ಪೆರಂಬೂರು, ಮದ್ರಾಸು
೯ ಮೇ ೧೯೭೯

ನನ್ನ ಗುಣಾ,

ನಿನ್ನ ಕಾರ್ಡು ಓದಿ ಹಿಂದ ಮುಂದ ತಿರುವಿ ನೋಡಿದೆ, ಬ್ಯಾರೆ ಯಾರರ ಬರದಾರೇನು ಅಂತ. ಅಕ್ಷರಾ ನಿಂದs. ಹುಟ್ಟಿದಾಗಿಂದ ನೀ ನನಗ ಇಷ್ಟು ಮೆತ್ತಗ ಮಾತಾಡಿದ್ದು ಇದs ಮೊದಲು. ನಿಮ್ಮ ಭಾವಗ ತೋರಿಸಿದೆ, ನೋಡ್ರಿ ನನ್ನ ತಂಗಿ ಅಂದೆ.

ನೀ ಮೆತ್ತಗಾದಿ ಅಂತ ನಾನೂ ಖರೇ ಹೇಳಿ ಬಿಡತೀನಿ. ಎರಡು ಅಲ್ಲ, ಒಂಬತ್ತೂ ಸೀರಿ ಕತ್ತರಿಸೀನಿ. ಒಂದು ವಾರದಾಗ ಎಲ್ಲಾ ಮುಗಿಸಿದ್ದೆ. ನಾಕನೂರರ ಮ್ಯಾಲೆ ತುಂಡು ಅದಾವು, ಒಂದರ ಅಳತಿ ಇನ್ನೊಂದಕ್ಕ ಇಲ್ಲ. ನೀ ಹೇಳಿದಂಗs ಆತು, ಅರಿವಿ ಜಗ್ಗಿತು. ಹೇಳಾಕ ಅಂಜಿಕಿ ಬಂದು ಸುಳ್ಳ ಬರದೆ. ಆ ಸುಳ್ಳ ಮುಚ್ಚಾಕ ಬಿಚ್ಚಿ ಹೊಲದೆ, ಬಿಚ್ಚಿ ಹೊಲದೆ.

ಈಗ ಬಿಚ್ಚೂದು ಬಿಟ್ಟೀನಿ. ನಿನ್ನ ಕಾರ್ಡು ಬಂದ ಮರುದಿನ ಭೋಜರಾಜರ ಮನಿಗೆ ಹೋಗಿ ಆ ನೆಲದ ಮ್ಯಾಲೆ ಕುಂತು ಬೆರಳ ಆಡಿಸಿ ನೋಡಿದೆ. ಒಂದು ಹೂವೂ ಸರೀಗಿ ಕೂಡಿಲ್ಲ ಗುಣಾ. ಎದ್ದು ಬಾಗಲದಾಗ ನಿಂತು ನೋಡಿದೆ, ಇಡೀ ಮನಿ ತುಂಬ ಹೂವು. ನಾ ಮೊದಲ ಸಲ ನೋಡಿದಾಗ ಅತ್ತಿದ್ದು ಈ ಸೊಟ್ಟ ಹೂವಿಗೇ. ಅವು ಮಿಶಿನಿನಾಗ ಆಗಿದ್ರ ನನಗ ಅವ್ವ ನೆನಪ ಆಗತಿದ್ದಿಲ್ಲ. ಈಗ ಹೆಂಗ ಬರತಾವೋ ಹಂಗ ಹೊಲಿಯಾಕತ್ತೀನಿ. ಅರ್ಧಾ ಮುಗದೈತಿ.

ಒಂದು ಕೆಲಸ ಮಾಡು. ತೊಟ್ಟಲದ ಅಳತಿ ತಗದು ಬರಿ, ಉದ್ದ ಎಷ್ಟು, ಅಗಲ ಎಷ್ಟು. ಕೂಸಿನ ತಲಿ ಯಾವ ಕಡೆ ಬರತೈತಿ ಅಂತನೂ ಬರಿ, ಆ ಕಡೆ ಅವ್ವನ ಕೆಂಪು ಇಳಕಲ್ಲಿನ ಹೂವು ಬರಬೇಕು. ನೀಲಾ ಛಂದ ಉಣ್ಣಾಕತ್ಯಾಳಿಲ್ಲೋ? ಎಂಟು ತುಂಬಿತಲ್ಲ, ಮಲಗೇ ಇರಲಿ, ಏಳಸಬ್ಯಾಡ.

ನಿನ್ನ ಅಕ್ಕ
ಕಲಾವತಿ


ಪೆರಂಬೂರು, ಮದ್ರಾಸು
೬ ಜೂನ್ ೧೯೭೯

ಗುಣಾ,

ತಿಂಗಳಾತು. ಅಳತಿ ಬರಿ ಅಂತ ಕೇಳಿದ್ದೆ. ನಡುವ ಒಂದು ಕಾರ್ಡು ಹಾಕಿದೆ. ಎರಡಕ್ಕೂ ಉತ್ತರಾ ಇಲ್ಲ. ನಾ ಉತ್ತರಾ ಬರಿಯೂದಿಲ್ಲ ಅಂತ ಊರಿಗೆಲ್ಲಾ ಹೇಳಾಕಿ ನೀನು.

ಲೆಕ್ಕ ಹಾಕಿದ್ರ ನೀಲಾಗ ಹೆರಿಗಿ ಆಗಿರಬೇಕು. ಗಂಡೋ ಹೆಣ್ಣೋ ಅಂತ ನನಗ ತಿಳಸಾಕ ಒಂದು ಕಾರ್ಡು ಸಿಗಲಿಲ್ಲ ನಿನಗ. ಯಾಕ ಅಂತ ನನಗ ಗೊತ್ತು. ಒಂಬತ್ತೂ ಕತ್ತರಿಸೀನಿ ಅಂತ ಹೇಳಿದೆ, ಅದಕ್ಕ. ಮೆತ್ತಗಿನ ಮಾತಿನ್ಯಾಗ ನನ್ನ ಬಾಯಿ ಬಿಡಿಸಿದಿ, ಈಗ ಬಾಗಲಾ ಹಾಕಿಕೊಂಡಿ. ಇಲ್ಲಾ ಅವ್ವನ ಮಣ್ಣಿಗೆ ಬರಲಿಲ್ಲ ಅಂತ ಈ ಕೂಸಿನ ಸುದ್ದೀನೂ ನನಗ ಬ್ಯಾಡ ಅಂದಿ.

ಮಣ್ಣಿಗೆ ಯಾಕ ಬರಲಿಲ್ಲ ಅಂತ ನೀ ಒಂದು ದಿನಾ ನನ್ನ ಕೇಳಲಿಲ್ಲ. ಗಾಡಿ ತಪ್ಪಿತು ಅಂತ ನಾ ಹೇಳಿದ್ದೆ. ತಪ್ಪಿರಲಿಲ್ಲ. ತಾರು ಮುಂಜಾನೆ ಬಂತು. ಗಾಡಿ ಮಧ್ಯಾಹ್ನ ಇತ್ತು. ನಿಮ್ಮ ಭಾವ ರಜಾ ಹಾಕಿ ಪಾಸು ತಂದ್ರು. ನಾ ಭಾಂಡೆ ತಿಕ್ಕಾಕ ಕುಂತೆ. ತಿಕ್ಕಿದವನ್ನ ಮತ್ತ ತಿಕ್ಕಿದೆ. ನಾ ಹೋಗಲಿಲ್ಲ ಅಂದ್ರ ಅವ್ವ ಅಲ್ಲೆ ಹಾಸಿಗಿ ಮ್ಯಾಲೆ ಇರತಾಳ ಅಂತ ಅನಿಸಿತು. ಹೋದ್ರ ಮುಗೀತು. ನಿಮ್ಮ ಭಾವ ಕೈ ಹಿಡದು ಎಬ್ಬಿಸಿದಾಗ ಗಾಡಿ ಹೋಗಿ ತಾಸು ಆಗಿತ್ತು. ಇದನ್ನ ನಾ ಯಾರ ಮುಂದೂ ಹೇಳಿಲ್ಲ.

ಈಗರ ಬೈದು ಬರಿ. ನೀ ಬೈದ್ರ ನನಗ ಸಮಾಧಾನ ಆಗತೈತಿ.

ಕಲಾವತಿ


ಗದಗ
೧೬ ಜೂನ್ ೧೯೭೯

ಅಕ್ಕಾ,

ಬೈಯಾಕ ನನ್ನ ಬಾಯಾಗ ಏನೂ ಉಳಿದಿಲ್ಲ.

ಏಪ್ರಿಲ್ ಇಪ್ಪತ್ತಕ್ಕ ನೀಲಾಗ ಹೊಟ್ಟಿ ನೋವು ಬಂತು. ಎಂಟರಾಗ. ಹೆಣ್ಣು ಕೂಸು. ಒಂದೂವರೆ ದಿನಾ ಇತ್ತು. ತಲಿ ತುಂಬ ಕೂದಲಿತ್ತು ಅಕ್ಕಾ, ಅವ್ವನಂಗ ಗುಂಗುರು. ನಮ್ಮ ಮನಿಯವರು, ಅಳಿಯ ಕೂಡಿ ಮಣ್ಣ ಕೊಟ್ಟು ಬಂದ್ರು. ನಾ ನೀಲಾನ ಹಂತೇಕ ಕುಂತಿದ್ದೆ. ಆಕಿಗೆ ಎದಿ ತುಂಬ ಹಾಲು, ಕುಡಿಯಾಕ ಕೂಸಿಲ್ಲ. ಮಲ್ಲಿಗಿ ಹೂವು ಕಟ್ಟಿ ಹಾಲು ಬತ್ತಿಸಿದೆ. ಅದನ್ನ ಮಾಡಿದ ಕೈಲೆ ನಿನಗ ಆ ಕಾರ್ಡು ಬರದೆ. ಅವಸರಾ ಇಲ್ಲ ಅಂತ ಅದಕ್ಕ ಬರದೆ. ಉಳಿದದ್ದು ಬರಿಯಾಕ ಆಗಲಿಲ್ಲ, ಬರದ್ರ ನೀ ಅಳತೀ, ನೀ ಅತ್ರ ನಾ ಸುಧಾರಿಸಿಕೊಳ್ಳೂದಿಲ್ಲ ಅಂತ ಅಂಜಿಕಿ.

ನೀ ಮೆತ್ತಗಾದಿ ಅಂತ ಖುಷಿ ಪಟ್ಟು ಬರದಿ. ತೊಟ್ಟಲದ ಅಳತಿ ಕೇಳಿದಿ. ಆ ಪತ್ರಾ ಓದಿ ಒಲಿಗೆ ಹಾಕಬೇಕು ಅಂತ ಹೋಗಿ, ಹಾಕಲಾರದ ಬಂದೆ. ನಿನ್ನ ಮ್ಯಾಲೆ ಎಷ್ಟು ಸಿಟ್ಟು ಬಂತಂದ್ರ, ಹದಿನೆಂಟು ವರ್ಷದಿಂದ ದೂರ ಕುಂತು ನಿನಗ ಏನೂ ತಿಳಿಯೂದಿಲ್ಲ, ಏನೂ ಕಾಣೂದಿಲ್ಲ ಅಂತ. ಈಗ ನಿನ್ನ ಈ ಪತ್ರಾ ಬಂತು. ಭಾಂಡೆ ತಿಕ್ಕಿದ್ದು ಓದಿದೆ. ಮೊದಲs ಯಾಕ ಹೇಳಲಿಲ್ಲ ನೀ? ಒಂದು ವರ್ಷ ನಿನ್ನ ಆ ಗಾಡೀಲೆ ಹೊಡದೀನಿ ನಾನು.

ಕೂಸು ಹೋತು, ಅದು ಹೋತು. ನನಗ ನೀಲಾಂದು ಅಂಜಿಕಿ. ಎರಡು ತಿಂಗಳಾತು, ಗ್ವಾಡಿ ಕಡೆ ಮಾರಿ ಮಾಡಿ ಮಲಗತಾಳ. ಒಂದು ಮಾತಿಲ್ಲ. ಅಳಿಯ ಬಂದು ಕುಂತ್ರ ತಿರುಗಿ ನೋಡೂದಿಲ್ಲ. ತುತ್ತು ಮಾಡಿ ಇಟ್ರ ಒಮ್ಮೊಮ್ಮೆ ಬಾಯಿ ತಗೀತಾಳ, ಒಮ್ಮೊಮ್ಮೆ ಇಲ್ಲ. ನೋಡನೋಡತ ಆಕಿ ಕೈ ಕಡ್ಡಿ ಆಗ್ಯಾವು. ಈ ಮಗಳನ್ನೂ ಕಳಕೊಳ್ಳತೀನೇನು ಅಂತ ನಾ ದಿನಾ ಅಂಜತೀನಿ.

ಕೌದಿ ಕಳಸಬ್ಯಾಡ. ಆಕಿ ಕಣ್ಣಿಗೆ ಬೀಳಬಾರದು.

ಗುಣಾ


ಪೆರಂಬೂರು, ಮದ್ರಾಸು
೨೨ ಜೂನ್ ೧೯೭೯

ಗುಣಾ,

ನಾಳೆ ಹೊಂಟೀನಿ. ಗುಂತಕಲ್ಲಿನಾಗ ಗಾಡಿ ಬದಲಿ ಮಾಡಿ ಐತವಾರ ಮುಂಜಾನೆ ಗದಗಿಗೆ ಮುಟ್ಟತೀನಿ. ಸ್ಟೇಷನ್ನಿಗೆ ಯಾರೂ ಬರೂದು ಬ್ಯಾಡ. ನೀ ನೀಲಾನ ಹಂತೇಕ ಇರು.

ಕಲಾವತಿ


ಪೆರಂಬೂರು, ಮದ್ರಾಸು
೧೪ ಆಗಸ್ಟ್ ೧೯೭೯

ಗುಣಾ,

ನಾ ಬಂದು ಮುಟ್ಟಿ ಮೂರು ವಾರಾತು. ನೀಲಾ ಹೆಂಗದಾಳ ಅಂತ ಒಂದು ಗೆರಿ ಬರದಿಲ್ಲ ನೀನು. ಅಲ್ಲೆ ಇಪ್ಪತ್ತೈದು ದಿನಾ ಇದ್ದೆ, ತಲಿ ಹಿಕ್ಕಿದೆ, ಕಾಲು ಒತ್ತಿದೆ, ಆಕಿ ಒಂದು ಸಲ ದೊಡ್ಡವ್ವಾ ಅನ್ನಲಿಲ್ಲ. ಬರೂ ದಿನಾ ಕೈ ಹಿಡಕೊಂಡೆ, ಬಿಡಿಸಿಕೊಳ್ಳಲಿಲ್ಲ, ಅಷ್ಟ. ಅದನ್ನs ನೆನಿಸಿಕೋತ ಕುಂತೀನಿ.

ಇನ್ನೊಂದು ಹೇಳಬೇಕು. ಕೌದಿ ತರಬ್ಯಾಡ ಅಂದಿದ್ದಿ. ನಾ ತಂದಿದ್ದೆ. ಇಲ್ಲೆ ಬಿಟ್ಟು ಬರಾಕ ಮನಸ್ಸಾಗಲಿಲ್ಲ. ಅಲ್ಲಿಂದ ತಿರುಗಿ ತರಾಕನೂ ಆಗಲಿಲ್ಲ. ಹೊಲದ ಅರ್ಧಾ, ಉಳಿದ ತುಂಡು ಎಲ್ಲಾ ಗಂಟು ಕಟ್ಟಿ ಅವ್ವನ ಟ್ರಂಕಿನಾಗ ಇಟ್ಟು ಬಂದೀನಿ. ನಿನ್ನ ಮಾರಿ ನೋಡಿ ಹೇಳಾಕ ಧೈರ್ಯ ಸಾಲಲಿಲ್ಲ. ಅದನ್ನ ಏನ ಮಾಡತಿ ಮಾಡು.

ಕಲಾವತಿ


ಗದಗ
೬ ಸೆಪ್ಟೆಂಬರ್ ೧೯೭೯

ಅಕ್ಕಾ,

ನಿನಗ ಕನ್ನಡಾ ಮರತೈತೋ ಏನ? ಬ್ಯಾಡ ಅಂದ್ರ ಬ್ಯಾಡ ಅಂತ ಅರ್ಥ. ನಿನ್ನ ಪತ್ರಾ ಓದಿ ಸೀದಾ ಹೋಗಿ ಟ್ರಂಕು ತಗದೆ. ಹೌದು, ಅಲ್ಲೇ ಇತ್ತು, ಕಳ್ಳತನದ ಮಾಲು ಇಟ್ಟಂಗ ಇಟ್ಟಿ. ಇದನ್ನ ಇವತ್ತs ಪಾರ್ಸಲ್ ಮಾಡಿ ಮದ್ರಾಸಿಗೆ ಒಗೀತೀನಿ ಅಂತ ಪಡಸಾಲಿಗೆ ತಂದಿಟ್ಟೆ. ಅರಿವಿ ಚೀಲಾ ಹೊಲಿಯಾಕ ದಬ್ಬಣ ಬೇಕಲ್ಲ, ಅದನ್ನ ಹುಡುಕಾಕ ಒಳಗ ಹೋದೆ. ಈ ಮನ್ಯಾಗ ಹುಡುಕಿದ್ದು ಹೊತ್ತಿಗೆ ಸಿಕ್ಕದ್ದಿಲ್ಲ.

ತಿರುಗಿ ಬಂದ್ರ ನೀಲಾ ಗಂಟಿನ ಮುಂದ ಕುಂತಿದ್ದಳು. ತಾನs ಎದ್ದು ಬಂದಿದ್ದಳು. ಗಂಟು ಬಿಚ್ಚಿ ನಿನ್ನ ಚೌಕ ಎಲ್ಲಾ ನೆಲಕ್ಕ ಹಾಸಿದ್ದಳು. ಓಡಿ ಹೋಗಿ ಕಸಗೊಳ್ಳಬೇಕು ಅಂತ ಬಾಗಿದೆ. ಆಕಿ ಎರಡು ತುಂಡು ಮ್ಯಾಲೆ ಎತ್ತಿ ಬೆಳಕಿಗೆ ಹಿಡದು, "ಅವ್ವಾ, ಇವನ್ನ ಯಾರು ಕತ್ತರಿಸ್ಯಾರ? ದೊಡ್ಡವ್ವಗ ಕಣ್ಣ ಕಾಣೂದಿಲ್ಲೇನು?" ಅಂದ್ಲು.

ನಾಕು ತಿಂಗಳ ಮ್ಯಾಲೆ ಬಾಯಿಂದ ಬಂದ ಮಾತು ಅದು. ನಿನ್ನ ಬೈದದ್ದು.

ಈಗ ನಮ್ಮ ಮನ್ಯಾಗ ನಡದಾಡಾಕ ಜಾಗಾ ಇಲ್ಲ. ಪಡಸಾಲಿ ತುಂಬ ಹಾಸ್ಯಾಳ. ನಮ್ಮ ಮನಿಯವರು ಗ್ವಾಡಿ ಹಿಡಕೊಂಡು ಹೊರಗ ಹೋಗತಾರ. ನಿನ್ನ ಒಂದು ಹೊಲಿಗಿನೂ ಆಕಿ ಬಿಚ್ಚಿಲ್ಲ. ಮೂಲಿ ಕೂಡದ ಕಡೆ ಎಲ್ಲಾ ತನ್ನ ಛಲೋ ಸೀರಿ, ಲಗ್ನದಾಗ ಬೀಗರು ಉಡಿಸಿದ್ದು, ಅದನ್ನ ಹಲ್ಲು ಹಚ್ಚಿ ಹರದು, ಆ ತುಂಡು ಹಚ್ಚಾಕತ್ಯಾಳ. ಹಾಳ ಮಾಡಬ್ಯಾಡವಾ ಅಂದ್ರ, "ನೀ ಸುಮ್ಮನಿರು, ನಿನಗ ತಿಳಿಯೂದಿಲ್ಲ" ಅಂತ ನನಗ ಜೋರು ಮಾಡತಾಳ. ನಾ ದಾರಾ ಹಿಡಿಯಾಕ ಹೋದ್ರ "ಟಾಕಿ ಉದ್ದ ಹಾಕತಿ" ಅಂತ ಕೈ ಸರಸತಾಳ. ಅವ್ವನ ಕೈಯಾಗ ಕಲತ ನನಗ ಟಾಕಿ ಹೇಳಿಕೊಡತಾಳ ಅಕ್ಕಾ.

ಆರು ದಿನದ ಹಿಂದ ನೋಡಿದೆ, ಕೌದಿ ಬೆಳಕೋತ ಹೊಂಟೈತಿ. ತೊಟ್ಟಲದ್ದು ಅಲ್ಲ ಅದು, ಆಳುದ್ದ ಆಗೇತಿ. ಕೇಳಬೇಕೋ ಬ್ಯಾಡೋ ಅಂತ ಎರಡು ದಿನಾ ಕಳದು, ಕಡೀಕ ಕೇಳಿದೆ, ಇಷ್ಟು ದೊಡ್ಡದು ಯಾರಿಗವಾ ಅಂತ.

"ನನಗ" ಅಂದ್ಲು. ಸೂಜಿ ಕೆಳಗ ಇಟ್ಟಳು. "ಭಾಳ ಥಂಡಿ ಆಗತೈತಿ ಅವ್ವಾ. ಆವತ್ತಿಂದ ನನಗ ಥಂಡಿನs ಹೋಗವಲ್ಲದು" ಅಂದು ನನ್ನ ತೊಡಿ ಮ್ಯಾಲೆ ಬಿದ್ದು ಅತ್ತಳು. ಮೊದಲ ಸಲ ಅತ್ತಳು. ಇಷ್ಟು ದಿನಾ ಅತ್ತಿದ್ದಿಲ್ಲ ಆಕಿ, ಅದನ್ನೂ ನಿನಗ ನಾ ಹೇಳಿದ್ದಿಲ್ಲ. ನಾವಿಬ್ಬರೂ ಆ ಹರವಿದ ತುಂಡಿನ ನಡುವ ಕುಂತು ಸಂಜೀತನಕ ಅತ್ತಿವಿ. ಹಾಲಿನಾಕಿ ಬಂದು ಕರದು ಕರದು ಹಂಗs ಹೋದ್ಲು.

ಮರುದಿನ ಮುಂಜಾನೆ ಮತ್ತ ಕುಂತಳು. ಹೊಲಿಯೂ ದಾರಾ ಮುಗದೈತಿ. ಇಲ್ಲೆ ಸಿಗೂ ಕೆಂಪು ಆಕಿಗೆ ಸೇರವಲ್ಲದು. ಮದ್ರಾಸಿನಾಗ ಪ್ಯಾರೀಸ್ ಕಾರ್ನರ್ ಅಂತ ಐತಂತ, ಅಲ್ಲೆ ಎಲ್ಲಾ ಬಣ್ಣದ್ದೂ ಸಿಗತೈತಂತ, ಇದನ್ನೆಲ್ಲಾ ಯಾರು ಹೇಳ್ಯಾರೋ ಏನೋ. ದಪ್ಪನ್ನ ಕೆಂಪು ದಾರಾ ಕಳಸಬೇಕಂತ. ನಾಳೆ ನಾಡದ ಅನಬ್ಯಾಡ, ನಿನ್ನ ಸ್ವಭಾವ ನನಗ ಗೊತ್ತೈತಿ. ದಾರಾ ಬರೂತನಕ ಊಟಕ್ಕ ಏಳೂದಿಲ್ಲ ಅಂತ ನನ್ನ ಹೆದರಸತಾಳ. ಏಳತಾಳ ಬಿಡು. ಈಗ ಹೊತ್ತಿಗೆ ಎರಡು ರೊಟ್ಟಿ ತಿನ್ನಾಕತ್ಯಾಳ.

ಗುಣಾ